‘ಹಿಸ್ಟಾರಿಕ್’ ಬರೆಯಬೇಕೋ, ‘ಹಿಸ್ಟಾರಿಕಲ್’ ಬರೆಯಬೇಕೋ? ಒಂದು ಹೋಲಿಕೆಯ ಮಾರ್ಗದರ್ಶಿ

ಕೊಪ್ಪಳದ ನನ್ನ ಡಿಟಿಪಿ ಅಂಗಡಿಗೆ ಕಳೆದ ಮಳೆಗಾಲದಲ್ಲಿ ನಿವೃತ್ತ ಮಾಸ್ತರರೊಬ್ಬರು ಬಂದಿದ್ದರು. ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಅವರೇ ಇಂಗ್ಲಿಷಿನಲ್ಲಿ ಬರೆದ ಒಂದು ಪುಟದ ಪರಿಚಯಪತ್ರ ಅವರ ಕೈಯಲ್ಲಿತ್ತು. ಹೊರರಾಜ್ಯಗಳಿಂದ ಬರುವ ಪ್ರವಾಸಿಗರಿಗೆ ಹಂಚಲು ಐನೂರು ಪ್ರತಿಗಳು ಬೇಕಾಗಿದ್ದವು. ಟೈಪು ಮಾಡುತ್ತ ಹೋದಂತೆ ನಾನು ಮೊದಲ ಸಾಲಿನಲ್ಲಿದ್ದ ‘ಹಿಸ್ಟಾರಿಕಲ್ ಟೆಂಪಲ್’ ಎಂಬುದನ್ನು ‘ಹಿಸ್ಟಾರಿಕ್ ಟೆಂಪಲ್’ ಎಂದು ತಿದ್ದಿದೆ. ನಾಲ್ಕನೆಯ ಸಾಲಿನಲ್ಲಿದ್ದ ‘ಹಿಸ್ಟಾರಿಕ್ ಎವಿಡೆನ್ಸ್’ ಎಂಬುದನ್ನು ‘ಹಿಸ್ಟಾರಿಕಲ್ ಎವಿಡೆನ್ಸ್’ ಎಂದು ಮಾಡಿದೆ. ಕರಡು ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದ ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, “ಅಲ್ರೀ, ಮ್ಯಾಲಿನ ಸಾಲಿನ್ಯಾಗ ಬಾಲ ಕತ್ತರಿಸೀರಿ, ಕೆಳಗಿನ ಸಾಲಿನ್ಯಾಗ ಅದೇ ಬಾಲ ತಂದು ಹಚ್ಚೀರಿ. ಎರಡೂ ಐತಿಹಾಸಿಕ ಅಂತನ ಹೌದಿಲ್ರಿ?” ಎಂದು ಕೇಳಿದರು. ಒಂದು ಕ್ಷಣ ಬಿಟ್ಟು, “ಗುಡಿ ದೊಡ್ಡದೈತಿ ಅಂತ ದೊಡ್ಡ ಪದಾನ ಹಾಕಿದ್ದೆ ನೋಡ್ರಿ” ಎಂದು ನಕ್ಕರು.

ಅವರು ನಗುತ್ತ ಹೇಳಿದ ಆ ಎರಡನೆಯ ಮಾತಿನಲ್ಲಿಯೇ ನಮ್ಮ ಭಾಗದ ಬರಹಗಳಲ್ಲಿ ಕಾಣುವ ತಪ್ಪಿನ ಗುಟ್ಟಿದೆ. ಪದ ಉದ್ದವಾದಷ್ಟೂ ಅದರ ತೂಕ ಹೆಚ್ಚು ಎಂದು ನಾವು ಭಾವಿಸುತ್ತೇವೆ. ಈ ಜೋಡಿಯ ಮಟ್ಟಿಗೆ ನಿಜ ಅದಕ್ಕೆ ತಿರುಗಾಮುರುಗ: ಗಿಡ್ಡ ಪದವಾದ ‘ಹಿಸ್ಟಾರಿಕ್’ ಹೊಗಳಿಕೆಯನ್ನೋ ಮಹತ್ವವನ್ನೋ ಹೊರುತ್ತದೆ, ಉದ್ದ ಪದವಾದ ‘ಹಿಸ್ಟಾರಿಕಲ್’ ಇದು ಇತಿಹಾಸಕ್ಕೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇಟಗಿಯ ಗುಡಿಯನ್ನು 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದನು. ಅಲ್ಲಿಯ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಚಕ್ರವರ್ತಿ ಎನಿಸಿಕೊಂಡ ಗುಡಿಯ ಹಿರಿಮೆಯನ್ನು ಹೇಳಬೇಕಾದಲ್ಲಿ ‘ಹಿಸ್ಟಾರಿಕ್’ ಬೇಕು. ಆ ಗುಡಿಯ ಕಾಲವನ್ನೂ ಕಟ್ಟಿಸಿದವನ ಹೆಸರನ್ನೂ ತಿಳಿಸುವ ಶಾಸನವನ್ನು ಪುರಾವೆಯಾಗಿ ಮುಂದಿಡುವಾಗ ‘ಹಿಸ್ಟಾರಿಕಲ್’ ಬೇಕು. ಮಾಸ್ತರರಿಗೆ ನಾನು ಕೊಟ್ಟ ಉತ್ತರ ಇಷ್ಟೇ ಆಗಿದ್ದರೂ, ಚಹಾ ತರಿಸಿ ಮಾತಿಗೆ ಕುಳಿತ ಮೇಲೆ ವಿಷಯ ಬಹಳ ದೂರ ಹೋಯಿತು.

ಬೇರಿನ ಕಡೆಯಿಂದ ನೋಡಿದರೆ

ಎರಡೂ ಪದಗಳ ತಾಯಿಬೇರು ಗ್ರೀಕ್ ಭಾಷೆಯ ‘ಹಿಸ್ಟೋರಿಯಾ’. ಆ ಪದಕ್ಕೆ ಮೊದಲು ಇದ್ದ ಅರ್ಥ ವಿಚಾರಣೆ, ಕೇಳಿ ನೋಡಿ ತಿಳಿದುಕೊಂಡದ್ದು ಎಂಬುದೇ ಹೊರತು ಹಳೆಯ ಕಾಲದ ಕಥೆ ಎಂದಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ತನ್ನ ಗ್ರಂಥದ ಆರಂಭದಲ್ಲಿ ಈ ಪದವನ್ನು ಬಳಸಿದ್ದು ತಾನು ಮಾಡಿದ ವಿಚಾರಣೆಯ ಫಲ ಎಂಬ ಅರ್ಥದಲ್ಲಿ. ‘ಹಿಸ್ಟೋರ್’ ಎಂದರೆ ತಿಳಿದವನು, ನ್ಯಾಯ ಹೇಳಬಲ್ಲವನು. ಅದರ ಹಿಂದಿರುವ ಧಾತುವಿಗೆ ನೋಡು, ತಿಳಿ ಎಂಬ ಅರ್ಥವಿದೆ, ಮತ್ತು ಅದೇ ಧಾತು ಸಂಸ್ಕೃತದಲ್ಲಿ ‘ವಿದ್’ ಆಗಿ ವೇದ, ವಿದ್ಯೆ, ವಿದ್ವಾಂಸ ಎಂಬ ಪದಗಳನ್ನು ಕೊಟ್ಟಿದೆ; ಲ್ಯಾಟಿನ್ನಿನ ಮೂಲಕ ನಮ್ಮ ಮನೆಮನೆಯ ‘ವಿಡಿಯೊ’ವನ್ನೂ ಕೊಟ್ಟಿದೆ. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಹಳೆಯ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದೇ ಪದ ಸೀಳಿ ‘ಹಿಸ್ಟರಿ’ ಮತ್ತು ‘ಸ್ಟೋರಿ’ ಎಂದು ಎರಡಾಯಿತು. ನಮ್ಮೂರಿನ ವರದಿಗಾರರು “ಇವತ್ತೊಂದು ಸ್ಟೋರಿ ಐತ್ರಿ” ಎನ್ನುವಾಗ ತಿಳಿಯದೆಯೇ ಹೆರೊಡೊಟಸನ ಪದವನ್ನು ಅದರ ಹಳೆಯ ಅರ್ಥಕ್ಕೆ ಹತ್ತಿರವಾಗಿಯೇ ಬಳಸುತ್ತಿರುತ್ತಾರೆ.

ಇದಕ್ಕೆ ಹೋಲಿಸಿದರೆ ನಮ್ಮ ‘ಇತಿಹಾಸ’ದ ಕಟ್ಟಡವೇ ಬೇರೆ. ಇತಿ, ಹ, ಆಸ ಎಂದು ಬಿಡಿಸಿದರೆ ‘ಹೀಗೆಯೇ ಇತ್ತಂತೆ’ ಎಂಬ ವಾಕ್ಯ ಹೊರಬರುತ್ತದೆ. ಗ್ರೀಕನ ಪದ ಕೇಳಿ ತಿಳಿಯುವವನನ್ನು ಮುಂದೆ ಮಾಡುತ್ತದೆ, ನಮ್ಮ ಪದ ಹೇಳುವ ಅಜ್ಜನನ್ನು ಮುಂದೆ ಮಾಡುತ್ತದೆ.

ಪ್ರತ್ಯಯದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ‘ಇಕ’ ಪ್ರತ್ಯಯ ಹತ್ತಿದಾಗ ಪದದ ಮೊದಲ ಸ್ವರ ಹಿಗ್ಗುತ್ತದೆ: ಇತಿಹಾಸವು ಐತಿಹಾಸಿಕ, ಪುರಾಣವು ಪೌರಾಣಿಕ, ವೇದವು ವೈದಿಕ ಆಗುತ್ತದೆ. (ಈ ಹಿಗ್ಗುವಿಕೆಯನ್ನು ಮರೆತು ‘ಇತಿಹಾಸಿಕ’ ಎಂದು ಬರೆಯುವವರು ಇದ್ದಾರೆ, ಫ್ಲೆಕ್ಸ್ ಬರೆಸುವವರು ಹೇಗೆ ಹೇಳಿದರೂ ನಾನು ಅದನ್ನು ತಿದ್ದಿಯೇ ಮುದ್ರಣಕ್ಕೆ ಕಳಿಸುತ್ತೇನೆ.) ಗ್ರೀಕಿನ ‘ಇಕೋಸ್’, ಲ್ಯಾಟಿನ್ನಿನ ‘ಇಕುಸ್’, ಇಂಗ್ಲಿಷಿನ ‘ಇಕ್’ ಇವೆಲ್ಲವೂ ನಮ್ಮ ‘ಇಕ’ದ ದಾಯಾದಿಗಳು. ಆದ್ದರಿಂದ ‘ವೈದಿಕ’ ಮತ್ತು ‘ಹಿಸ್ಟಾರಿಕ್’ ಎಂಬ ಎರಡು ಪದಗಳು ಧಾತುವಿನಲ್ಲಿಯೂ ಪ್ರತ್ಯಯದಲ್ಲಿಯೂ ಒಂದೇ ಕುಲದವು. ಅರ್ಥ ಮಾತ್ರ ಬೇರೆ ಬೇರೆ ಊರು ಸೇರಿದೆ. ‘ಹಿಸ್ಟಾರಿಕಲ್’ ಪದದಲ್ಲಿ ‘ಇಕ್’ ಹತ್ತಿದ ಮೇಲೆ ಲ್ಯಾಟಿನ್ ಮೂಲದ ‘ಅಲ್’ ಎಂಬ ಇನ್ನೊಂದು ವಿಶೇಷಣ ಪ್ರತ್ಯಯವೂ ಹತ್ತಿದೆ. ವಿಶೇಷಣದ ಮೇಲೆ ಮತ್ತೊಂದು ವಿಶೇಷಣದ ಅಂಗಿ ತೊಡಿಸಿದಂತೆ ಇದು. ಕನ್ನಡದಲ್ಲಿ ‘ಐತಿಹಾಸಿಕವಾದ’ ಎಂದು ಬರೆಯುವಾಗ ನಾವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಹಾಗಾದರೆ ಉದ್ದ ಪದ ಗಿಡ್ಡ ಪದದಿಂದ ಹುಟ್ಟಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಇಂಗ್ಲಿಷಿನ ಬರಹಗಳಲ್ಲಿ ಮೊದಲು ಕಾಣಿಸಿಕೊಂಡದ್ದು ‘ಹಿಸ್ಟಾರಿಕಲ್’; ‘ಹಿಸ್ಟಾರಿಕ್’ ಅದಾದ ಮೇಲೆ ಬಹಳ ಕಾಲ ಕಳೆದು ಬಂದಿತು. ಬಂದ ಹೊಸತರಲ್ಲಿ ಅದಕ್ಕೂ ಇತಿಹಾಸಕ್ಕೆ ಸಂಬಂಧಿಸಿದ ಎಂಬ ಅರ್ಥವೇ ಇದ್ದು, ಎರಡನ್ನೂ ಜನ ಹೇಗೆಂದರೆ ಹಾಗೆ ಬಳಸುತ್ತಿದ್ದರು. ಇತಿಹಾಸದಲ್ಲಿ ಹೆಸರು ಮಾಡಿದ ಎಂಬ ಅರ್ಥ ‘ಹಿಸ್ಟಾರಿಕ್’ ಕಡೆಗೆ ವಾಲಿದ್ದು 18ನೆಯ ಶತಮಾನದ ಕೊನೆಯ ಹೊತ್ತಿಗೆ. ಅಣ್ಣತಮ್ಮಂದಿರು ಬಹುಕಾಲ ಒಂದೇ ಹೊಲ ಉತ್ತು, ಆಮೇಲೆ ನಡುವೆ ಬದು ಹಾಕಿಕೊಂಡಂತೆ ಆಯಿತು. ಈ ಕಾರಣದಿಂದ, ಹಳೆಯ ಕಾಲದ ಗೆಜೆಟಿಯರುಗಳನ್ನೋ ಬ್ರಿಟಿಷ್ ಅಧಿಕಾರಿಗಳ ವರದಿಗಳನ್ನೋ ಅನುವಾದಿಸುವವರು ಅಲ್ಲಿಯ ‘ಹಿಸ್ಟಾರಿಕ್’ ಪದಕ್ಕೆ ಇಂದಿನ ಅರ್ಥವನ್ನು ಕಣ್ಣುಮುಚ್ಚಿ ಹಚ್ಚಬಾರದು. ಹಾಗೆಯೇ ಅದನ್ನು ತಪ್ಪೆಂದು ಕೆಂಪು ಶಾಯಿ ಬಳಿಯಲೂಬಾರದು.

ಮಸ್ಕಿಯ ಬಂಡೆ ಮತ್ತು ಊರ ಅಗಸಿಯ ಕಲ್ಲು

ಎರಡು ಪದಗಳ ನಡುವಿನ ಗೆರೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಲು ರಾಯಚೂರು ಜಿಲ್ಲೆಯ ಮಸ್ಕಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1915ರಲ್ಲಿ, ನಿಜಾಮರ ಸೀಮೆಯಾಗಿದ್ದ ಆ ಪ್ರದೇಶದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡನು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಚಕ್ರವರ್ತಿಯು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದ ಮಾತ್ರ ಕಾಣಿಸಿಕೊಂಡಿದ್ದನು. ಈ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಬಿರುದಿನ ಹಿಂದಿರುವ ಮನುಷ್ಯ ಯಾರು ಎಂಬ ಪ್ರಶ್ನೆಗೆ ಕಲ್ಲೇ ಸಾಕ್ಷಿ ಹೇಳಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿಯೂ ಆ ಹೆಸರಿನ ಶಾಸನಗಳು ಆಮೇಲೆ ದೊರೆತವು. ಆದರೂ ಮೊದಲಿನದಕ್ಕೆ ಇರುವ ಪಟ್ಟ ಮೊದಲಿನದಕ್ಕೇ.

ಈಗ ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಏನಾಗುತ್ತದೆ ನೋಡಿ. ಮಸ್ಕಿಯ ಶಾಸನ ‘ಹಿಸ್ಟಾರಿಕಲ್ ಡಾಕ್ಯುಮೆಂಟ್’ ಹೌದು, ಏಕೆಂದರೆ ಅದು ಗತಕಾಲದ ದಾಖಲೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳೂ ಹಾಗೆಯೇ. ಯಾವುದೋ ಹಳ್ಳಿಯ ಅಗಸಿಯ ಬಳಿ ಅರ್ಧ ಹೂತು, ಮೇಲೆ ಸುಣ್ಣ ಬಳಿಸಿಕೊಂಡು ನಿಂತ ದಾನಶಾಸನವೂ ಹಾಗೆಯೇ. ಐದು ಮತ್ತರು ಗದ್ದೆ ಬಿಟ್ಟ ವಿವರವಷ್ಟೇ ಅದರಲ್ಲಿದ್ದರೂ ಇತಿಹಾಸಕಾರನಿಗೆ ಅದು ದಾಖಲೆಯೇ. ಎಲ್ಲ ಹಳೆಯ ಕಲ್ಲುಗಳೂ ‘ಹಿಸ್ಟಾರಿಕಲ್’ ಆಗಬಹುದು. ಆದರೆ 1915ರ ಆ ಶೋಧ ‘ಹಿಸ್ಟಾರಿಕ್ ಡಿಸ್ಕವರಿ’. ಅದು ನಮ್ಮ ತಿಳಿವಳಿಕೆಯ ದಾರಿಯನ್ನೇ ಬದಲಿಸಿತು, ಆದ್ದರಿಂದ ಅದಕ್ಕೆ ಗಿಡ್ಡ ಪದದ ಮರ್ಯಾದೆ ಸಲ್ಲುತ್ತದೆ. ಅಗಸಿಯ ಕಲ್ಲನ್ನು ‘ಹಿಸ್ಟಾರಿಕ್’ ಎಂದರೆ ಊರಿನವರಿಗೆ ಸಂತೋಷವಾದೀತು. ಓದುವವನು ಮಾತ್ರ ಅದರಲ್ಲಿ ಏನು ವಿಶೇಷ ಎಂದು ಹುಡುಕುತ್ತಾನೆ, ಸಿಗದಿದ್ದರೆ ಬರೆದವನ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾನೆ.

ರಾಯಚೂರಿನ ಕೋಟೆಯಲ್ಲಿಯೂ ಇದೇ ಪಾಠವನ್ನು ಮತ್ತೊಂದು ಬಗೆಯಲ್ಲಿ ಓದಬಹುದು. ಕಾಕತೀಯರ ಕಾಲದಲ್ಲಿ, 1294ರಲ್ಲಿ ಆ ಕೋಟೆಯನ್ನು ಕಟ್ಟಿಸಿದ ವಿವರವನ್ನು ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕೊರೆದಿದ್ದಾರೆ. ಅಂಥ ಕಲ್ಲನ್ನು ಗಾಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವೂ ಅಲ್ಲಿದೆ. ಕೋಟೆ ‘ಹಿಸ್ಟಾರಿಕ್ ಫೋರ್ಟ್’. ಗಾಡಿಯ ಆ ಚಿತ್ರವು ಅಂದಿನ ಜನ ಭಾರದ ಕಲ್ಲು ಸಾಗಿಸುತ್ತಿದ್ದ ರೀತಿಗೆ ‘ಹಿಸ್ಟಾರಿಕಲ್ ಎವಿಡೆನ್ಸ್’. ಒಂದೇ ಗೋಡೆಯ ಮುಂದೆ ನಿಂತು ಎರಡೂ ಪದಗಳನ್ನು ಬಳಸಬಹುದು. ವಸ್ತುವಿನ ವಯಸ್ಸನ್ನು ನೋಡಿ ಪದವನ್ನು ಆರಿಸಲು ಬರುವುದಿಲ್ಲ. ಆ ವಸ್ತುವಿನ ಬಗ್ಗೆ ನೀವು ಹೇಳಹೊರಟ ಮಾತನ್ನು ನೋಡಿ ಆರಿಸಬೇಕು.

ಕನ್ನಡದಲ್ಲಿ ಮೊದಲು ತೂಗಿ ನೋಡುವ ಬಗೆ

ನಮಗೆ ಈ ಗೊಂದಲ ಏಕೆ ಎಂದರೆ ‘ಐತಿಹಾಸಿಕ’ ಎಂಬ ಒಂದೇ ಪದ ನಮ್ಮಲ್ಲಿ ಎರಡೂ ಕೆಲಸ ಮಾಡುತ್ತದೆ. ‘ಐತಿಹಾಸಿಕ ಕಾದಂಬರಿ’ ಎಂದಾಗ ಅದು ಇತಿಹಾಸದ ವಸ್ತುವುಳ್ಳ ಕಾದಂಬರಿ. ‘ಐತಿಹಾಸಿಕ ಗೆಲುವು’ ಎಂದಾಗ ಇತಿಹಾಸದಲ್ಲಿ ಉಳಿಯುವ ಗೆಲುವು. ರಾಯಚೂರಿನ ಉರ್ದು ಬಲ್ಲ ಗೆಳೆಯರನ್ನು ಕೇಳಿದರೆ ಅವರ ‘ತಾರೀಖಿ’ ಎಂಬ ಪದವೂ ಎರಡಕ್ಕೂ ಒದಗುತ್ತದೆ. ನಾವು ದಿನಾಂಕಕ್ಕೆ ಹೇಳುವ ‘ತಾರೀಖು’ ಆ ಪದದ ಬುಡ. ಫ್ರೆಂಚರಿಗೂ ಇರುವುದು ಒಂದೇ ಪದ. ಹೀಗಾಗಿ ಇದನ್ನು ಕನ್ನಡದ ಕೊರತೆ ಎಂದು ಭಾವಿಸಿ ಕುಗ್ಗಬೇಕಾಗಿಲ್ಲ. ಇಂಗ್ಲಿಷು ತನಗೆ ಸಿಕ್ಕ ಎರಡು ಪದಗಳಿಗೆ ಎರಡು ಕೆಲಸ ಹಂಚಿತು, ಅಷ್ಟೇ.

ಅಲ್ಲದೆ, ಬೇಕೆಂದರೆ ನಮ್ಮಲ್ಲಿಯೂ ಜೋಡಿ ಇದೆ. ‘ಚಾರಿತ್ರಿಕ’ ಎಂದರೆ ಚರಿತ್ರೆಗೆ ಸಂಬಂಧಿಸಿದ್ದು, ‘ಚರಿತ್ರಾರ್ಹ’ ಎಂದರೆ ಚರಿತ್ರೆಯಲ್ಲಿ ಸೇರಲು ಯೋಗ್ಯವಾದದ್ದು. ಇಂಗ್ಲಿಷಿನಲ್ಲಿ ಯಾವ ಪದ ಹಾಕಬೇಕೆಂದು ತಿಳಿಯದೆ ಕೈ ನಿಂತಾಗ ನಾನು ಮಾಡುವುದು ಇಷ್ಟು: ಆ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ‘ಚರಿತ್ರಾರ್ಹ’ ಎಂಬ ಪದವನ್ನು ಅಲ್ಲಿ ಕೂರಿಸಿ ನೋಡುತ್ತೇನೆ. ಕೂತರೆ ‘ಹಿಸ್ಟಾರಿಕ್’. ಕೂರದೆ ‘ಇತಿಹಾಸದ’ ಎಂಬ ಷಷ್ಠಿಯ ರೂಪವೇ ಸಾಕೆನ್ನಿಸಿದರೆ ‘ಹಿಸ್ಟಾರಿಕಲ್’. ‘ಇತಿಹಾಸದ ಸಂಶೋಧನೆ’ ಎನ್ನಬಹುದು, ಆದ್ದರಿಂದ ‘ಹಿಸ್ಟಾರಿಕಲ್ ರಿಸರ್ಚ್’. ‘ಚರಿತ್ರಾರ್ಹ ಒಪ್ಪಂದ’ ಎನ್ನಬಹುದು, ಆದ್ದರಿಂದ ‘ಹಿಸ್ಟಾರಿಕ್ ಅಗ್ರಿಮೆಂಟ್’. ಈ ತಕ್ಕಡಿ ನೂರಕ್ಕೆ ತೊಂಬತ್ತು ಸಲ ಸರಿಯಾಗಿಯೇ ತೂಗುತ್ತದೆ ಎಂಬುದು ನನ್ನ ಅಂಗಡಿಯ ಅನುಭವ.

ಸಂಸ್ಥೆಗಳ ಹೆಸರುಗಳೂ ನೆನಪಿಗೆ ಒಳ್ಳೆಯ ಆಧಾರ. 1972ರಲ್ಲಿ ಸ್ಥಾಪನೆಯಾದ ನಮ್ಮ ದೇಶದ ಇತಿಹಾಸ ಸಂಶೋಧನಾ ಪರಿಷತ್ತಿನ ಹೆಸರು ‘ಇಂಡಿಯನ್ ಕೌನ್ಸಿಲ್ ಆಫ್ ಹಿಸ್ಟಾರಿಕಲ್ ರಿಸರ್ಚ್’. ಅಲ್ಲಿ ‘ಹಿಸ್ಟಾರಿಕ್ ರಿಸರ್ಚ್’ ಎಂದಿದ್ದರೆ, ನಾವು ಮಾಡುವ ಸಂಶೋಧನೆಯೇ ಚರಿತ್ರಾರ್ಹ ಎಂದು ಪರಿಷತ್ತು ತನ್ನ ಬೆನ್ನನ್ನು ತಾನೇ ಚಪ್ಪರಿಸಿಕೊಂಡಂತೆ ಆಗುತ್ತಿತ್ತು. ಅದೇ ಅಮೆರಿಕದಲ್ಲಿ ರಕ್ಷಿಸಬೇಕಾದ ಕಟ್ಟಡ ಮತ್ತು ತಾಣಗಳ ಸರ್ಕಾರಿ ಪಟ್ಟಿಗೆ ‘ನ್ಯಾಷನಲ್ ರಿಜಿಸ್ಟರ್ ಆಫ್ ಹಿಸ್ಟಾರಿಕ್ ಪ್ಲೇಸಸ್’ ಎಂಬ ಹೆಸರಿದೆ. ಇಂಗ್ಲೆಂಡಿನಲ್ಲಿ ಅಂಥದೇ ಕೆಲಸ ನೋಡುವ ಸಂಸ್ಥೆಯ ಹೆಸರು ‘ಹಿಸ್ಟಾರಿಕ್ ಇಂಗ್ಲೆಂಡ್’. ಅಲ್ಲಿ ಹಳೆಯದಾದ ಎಲ್ಲವನ್ನೂ ಪಟ್ಟಿಗೆ ಸೇರಿಸುವುದಿಲ್ಲ, ಮಹತ್ವದ್ದನ್ನು ಆರಿಸಿ ಸೇರಿಸುತ್ತಾರೆ. ಹೆಸರೇ ಆ ಆಯ್ಕೆಯನ್ನು ಹೇಳುತ್ತದೆ.

ಶಾಲೆಯ ಪ್ರವಾಸದ ಪ್ರಬಂಧಗಳಲ್ಲಿ ಮಕ್ಕಳು ತಪ್ಪದೆ ಬರೆಯುವ ‘ಹಿಸ್ಟಾರಿಕಲ್ ಪ್ಲೇಸಸ್’ ಎಂಬ ಮಾತಿನ ಬಗ್ಗೆ ಏನು ಹೇಳಬೇಕು? ಭಾರತದ ಇಂಗ್ಲಿಷಿನಲ್ಲಿ ಅದು ಆಳವಾಗಿ ಬೇರೂರಿದೆ, ಇತಿಹಾಸಕ್ಕೆ ಸಂಬಂಧಪಟ್ಟ ಸ್ಥಳಗಳು ಎಂಬ ಅರ್ಥದಲ್ಲಿ ಅದನ್ನು ತಪ್ಪೆನ್ನಲೂ ಆಗುವುದಿಲ್ಲ. ಹಾಗಿದ್ದರೂ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಂಥ ಊರನ್ನು, ವಿಜಯನಗರದ ಕಥೆ ಮೊಳೆತ ನೆಲವನ್ನು ಕುರಿತು ಬರೆಯುವಾಗ ‘ಹಿಸ್ಟಾರಿಕ್ ಪ್ಲೇಸ್’ ಎಂದರೇ ಅದಕ್ಕೆ ನ್ಯಾಯ. ಮಕ್ಕಳ ಪ್ರಬಂಧದಲ್ಲಾದರೆ ನಾನು ಅಂಕ ಕಳೆಯುವುದಿಲ್ಲ. ಪ್ರವಾಸೋದ್ಯಮದ ಫಲಕದಲ್ಲಾದರೆ ತಿದ್ದುತ್ತೇನೆ.

ಇದೇ ಆನೆಗೊಂದಿ ‘ಹಿಸ್ಟಾರಿಕಲ್’ ಪದದ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಜನ ಆ ಸೀಮೆಯನ್ನು ಕಿಷ್ಕಿಂಧೆ ಎಂದು ನಂಬಿ ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಾರೆ. ಆ ಕಥೆ ಪೌರಾಣಿಕ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನು ‘ಹಿಸ್ಟಾರಿಕಲ್ ಫಿಗರ್’, ಎಂದರೆ ದಾಖಲೆಗಳಿಂದ ಸಿದ್ಧವಾದ ವ್ಯಕ್ತಿ. ಇಲ್ಲಿ ಪುರಾಣ, ಜಾನಪದಗಳ ಎದುರಿಗೆ ನಿಲ್ಲುವ ಅರ್ಥ ‘ಹಿಸ್ಟಾರಿಕಲ್’ ಪದಕ್ಕಿದೆ, ‘ಹಿಸ್ಟಾರಿಕ್’ ಪದಕ್ಕಿಲ್ಲ. ಅವನು 1520ರಲ್ಲಿ ಬಿಜಾಪುರದ ಸುಲ್ತಾನನ ವಿರುದ್ಧ ರಾಯಚೂರಿನಲ್ಲಿ ಗೆದ್ದ ಯುದ್ಧ ‘ಹಿಸ್ಟಾರಿಕ್ ಬ್ಯಾಟಲ್’. ಆ ಯುದ್ಧದ ವಿವರಗಳನ್ನು ಬರೆದಿಟ್ಟ ಪೋರ್ಚುಗೀಸರ ಬರಹ ‘ಹಿಸ್ಟಾರಿಕಲ್ ಸೋರ್ಸ್’.

ದಿನ, ದರ, ಮಳೆ, ಗೇಟು

ಫ್ಲೆಕ್ಸ್ ಮತ್ತು ಆಮಂತ್ರಣಪತ್ರಗಳಲ್ಲಿ ಹೆಚ್ಚು ಎಡವುವುದು ದಿನಗಳ ವಿಷಯದಲ್ಲಿ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನವು ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಗಿ ರಾಯಚೂರು, ಕೊಪ್ಪಳ ಸೀಮೆಗಳು ಭಾರತಕ್ಕೆ ಸೇರಿದವು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಇವೆರಡೂ ‘ಹಿಸ್ಟಾರಿಕ್ ಡೇ’. ‘ಹಿಸ್ಟಾರಿಕಲ್ ಡೇ’ ಎಂದು ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಯಾರಾದರೊಬ್ಬರು ಬರೆಸಿಕೊಂಡು ಬರುತ್ತಾರೆ. ಹಾಗೆಂದರೆ ಹಿಂದೆ ಯಾವಾಗಲೋ ಆಗಿಹೋದ ಒಂದು ದಿನ ಎಂದು ಸಪ್ಪಗೆ ಕೇಳಿಸುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಗ್ಗೆ ಬರೆಯುವಾಗಲಂತೂ ಎರಡೂ ಪದಗಳು ಒಂದೇ ಪ್ಯಾರಾದಲ್ಲಿ ಬೇಕಾಗುತ್ತವೆ: 98ನೆಯ ತಿದ್ದುಪಡಿ ‘ಹಿಸ್ಟಾರಿಕ್ ಅಮೆಂಡ್‌ಮೆಂಟ್’, ಅದು ಬೇಕಾಗುವಷ್ಟು ಈ ಸೀಮೆ ಹಿಂದುಳಿದಿದ್ದಕ್ಕೆ ಇದ್ದದ್ದು ‘ಹಿಸ್ಟಾರಿಕಲ್ ರೀಸನ್ಸ್’.

‘ಹಿಸ್ಟಾರಿಕ್’ ಎಂದರೆ ಒಳ್ಳೆಯದಕ್ಕೇ ಮೀಸಲು ಎಂದೂ ತಿಳಿಯಬಾರದು. 1565ರ ತಾಳಿಕೋಟೆಯ ಸೋಲು ಹಂಪಿಯ ಮಟ್ಟಿಗೆ ಸರ್ವನಾಶ; ಇಂಗ್ಲಿಷಿನಲ್ಲಿ ಅದು ‘ಹಿಸ್ಟಾರಿಕ್ ಡಿಫೀಟ್’. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ನೋಡುತ್ತ ಮುನಿರಾಬಾದಿನ ಕಡೆಯವರೂ ಕೆಳಗಿನ ಭತ್ತದ ರೈತರೂ ಉಸಿರು ಹಿಡಿದು ಕುಳಿತ ಆ ದಿನಗಳು ನಮ್ಮ ಸೀಮೆಗೆ ‘ಹಿಸ್ಟಾರಿಕ್’. ಆದರೆ ಪ್ರತಿವರ್ಷ ಆಗಸ್ಟಿನಲ್ಲಿ ಜಲಾಶಯದಲ್ಲಿ ಎಷ್ಟು ನೀರಿತ್ತು ಎಂಬ ಹಿಂದಿನ ವರ್ಷಗಳ ಅಂಕಿಗಳ ಪಟ್ಟಿ ‘ಹಿಸ್ಟಾರಿಕಲ್ ಡೇಟಾ’.

ಈ ಕೊನೆಯ ಮಾತು ನಾನೇ ಪೆಟ್ಟು ತಿಂದು ಕಲಿತದ್ದು. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಕೃಷಿ ವರದಿಯನ್ನು ಇಂಗ್ಲಿಷಿಗೆ ಮಾಡಿಕೊಡುವಾಗ, ‘ಹಿಂದಿನ ಮೂವತ್ತು ವರ್ಷಗಳ ಮಳೆಯ ಅಂಕಿಗಳು’ ಎಂಬುದಕ್ಕೆ ‘ಹಿಸ್ಟಾರಿಕ್ ರೇನ್‌ಫಾಲ್ ಡೇಟಾ’ ಎಂದು ಹನ್ನೊಂದು ಕಡೆ ಬರೆದಿದ್ದೆ. ಪರಿಶೀಲಿಸಿದವರು ಮೊದಲನೆಯದರ ಪಕ್ಕದಲ್ಲಿ, ಯಾವ ಅಂಕಿ ಇತಿಹಾಸ ನಿರ್ಮಿಸಿತು ಎಂದು ಸಣ್ಣ ಅಕ್ಷರದಲ್ಲಿ ಕೇಳಿ, ಉಳಿದ ಹತ್ತರ ಪಕ್ಕದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದರು. ಮಾರುಕಟ್ಟೆಯ ದರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗಂಗಾವತಿಯ ಭತ್ತಕ್ಕೋ ರಾಯಚೂರಿನ ಹತ್ತಿಗೋ ಕಳೆದ ಹತ್ತು ವರ್ಷಗಳಲ್ಲಿ ಸಿಕ್ಕ ಬೆಲೆಗಳು ‘ಹಿಸ್ಟಾರಿಕಲ್ ಪ್ರೈಸಸ್’. ಯಾವತ್ತೂ ಕಾಣದಂಥ ಬೆಲೆ ಒಂದು ದಿನ ಸಿಕ್ಕರೆ ಅದು ‘ಹಿಸ್ಟಾರಿಕ್ ಹೈ’.

ಈ ಸಂದರ್ಭದಲ್ಲಿ ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ನಾಳೆ ನಡೆಯಲಿರುವ ಸಮಾವೇಶಕ್ಕೆ ಇವತ್ತೇ ‘ಹಿಸ್ಟಾರಿಕ್’ ಎಂದು ಬರೆಸುವ ಚಾಳಿ ನಮ್ಮಲ್ಲಿ ಬಲಿತಿದೆ. ಕಾಲ ಒಪ್ಪಿದ ಮೇಲೆ ಸಿಗಬೇಕಾದ ಪದವನ್ನು ಮುಂಗಡವಾಗಿ ತೆಗೆದುಕೊಂಡರೆ, ನಿಜವಾಗಿ ಬೇಕಾದಾಗ ಅದರಲ್ಲಿ ಸತ್ವವೇ ಉಳಿದಿರುವುದಿಲ್ಲ. ‘ಐತಿಹಾಸಿಕ’ ಎಂಬ ನಮ್ಮ ಪದಕ್ಕೂ ಇದೇ ಗತಿ ಬಂದಿದೆ. ಗಿರಾಕಿಯ ಮುಂದೆ ಇದನ್ನು ಹೇಳಿದರೆ ವ್ಯಾಪಾರ ಕೆಡುತ್ತದೆ ಎಂಬ ಕಾರಣಕ್ಕೆ ಸುಮ್ಮನಿರುತ್ತೇನೆ.

ಗೆರೆ ಅಳಿಸಿಹೋಗುವ ಕಡೆಗಳು

ಮೇಲಿನ ತಕ್ಕಡಿ ಕೈಕೊಡುವ ಕೆಲವು ಪದಗಳಿವೆ. ಅದರಲ್ಲಿ ಮುಖ್ಯವಾದದ್ದು ‘ಪ್ರೀಹಿಸ್ಟಾರಿಕ್’. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಜನ ‘ಮೋರ್ಯರ ಗುಡ್ಡ’ ಎನ್ನುವಲ್ಲಿ, ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಬೃಹತ್ ಶಿಲಾಗೋರಿಗಳು ಸಾಲುಸಾಲಾಗಿ ನಿಂತಿವೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಅರೆದ ಗುರುತುಗಳಿವೆ. ಇವೆಲ್ಲ ನಮ್ಮ ಸೀಮೆಗೆ ಬರವಣಿಗೆ ಬರುವುದಕ್ಕಿಂತ ಹಿಂದಿನವು, ಎಂದರೆ ಇತಿಹಾಸಪೂರ್ವ ಕಾಲದವು. ಇಲ್ಲಿ ಮಹತ್ವದ ಮಾತಿಲ್ಲ, ಕಾಲದ ಮಾತಷ್ಟೇ ಇದೆ. ನಿಯಮದಂತೆ ಉದ್ದ ಪದ ಬರಬೇಕಾಗಿತ್ತು. ಆದರೆ ರೂಢಿ ಗಿಡ್ಡದನ್ನೇ ಹಿಡಿದಿದೆ. ‘ಪ್ರೀಹಿಸ್ಟಾರಿಕಲ್’ ಎಂದು ಬರೆದರೆ ಓದುಗನಿಗೆ ಅರ್ಥವಾಗುತ್ತದೆ, ಕಿವಿಗೆ ಒಗ್ಗುವುದಿಲ್ಲ. ಹಾಗೆಯೇ ಗತಿಸಿದ ಘಟನೆಯನ್ನು ವರ್ತಮಾನ ಕಾಲದಲ್ಲಿ ಹೇಳುವ ಕ್ರಮಕ್ಕೆ ವ್ಯಾಕರಣದವರು ‘ಹಿಸ್ಟಾರಿಕ್ ಪ್ರೆಸೆಂಟ್’ ಎಂದೂ ‘ಹಿಸ್ಟಾರಿಕಲ್ ಪ್ರೆಸೆಂಟ್’ ಎಂದೂ ಬರೆಯುತ್ತಾರೆ. ಯಾವುದನ್ನು ಹಾಕಿದರೂ ಸರಿ.

ಕ್ರಿಯಾವಿಶೇಷಣಕ್ಕೆ ಬಂದರೆ ಜಗಳವೇ ಇಲ್ಲ. ಎರಡು ಪದಗಳಿಗೂ ಇರುವುದು ‘ಹಿಸ್ಟಾರಿಕಲಿ’ ಎಂಬ ಒಂದೇ ರೂಪ.

‘ಅಲ್’ ಹತ್ತಿದರೆ ಅರ್ಥ ಬದಲಾಗುವ ಬೇರೆ ಜೋಡಿಗಳೂ ಇವೆ, ಆದರೆ ಅವುಗಳಿಗೆ ಸಮಾನವಾದ ಸೂತ್ರವಿಲ್ಲ. ‘ಎಕನಾಮಿಕ್’ ಎಂದರೆ ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು, ‘ಎಕನಾಮಿಕಲ್’ ಎಂದರೆ ಖರ್ಚು ಕಡಿಮೆ ಇರುವುದು. ಇಲ್ಲಿ ಸಂಬಂಧವನ್ನು ಹೇಳುವುದು ಗಿಡ್ಡ ಪದ, ಗುಣವನ್ನು ಹೇಳುವುದು ಉದ್ದ ಪದ, ಎಂದರೆ ನಮ್ಮ ಜೋಡಿಗೆ ತೀರ ಉಲ್ಟಾ. ‘ಕ್ಲಾಸಿಕ್’, ‘ಕ್ಲಾಸಿಕಲ್’ ಮಾತ್ರ ನಮ್ಮ ಜೋಡಿಯ ದಾರಿಯನ್ನೇ ಹಿಡಿದಿವೆ: ಕನ್ನಡಕ್ಕೆ 2008ರಲ್ಲಿ ಸಿಕ್ಕ ಶಾಸ್ತ್ರೀಯ ಸ್ಥಾನಮಾನ ‘ಕ್ಲಾಸಿಕಲ್ ಲ್ಯಾಂಗ್ವೇಜ್’ ಎಂಬುದು, ಅದು ಪ್ರಾಚೀನ ಸಾಹಿತ್ಯಪರಂಪರೆಗೆ ಸಂಬಂಧಿಸಿದ ಮಾತು, ತನ್ನ ಬಗೆಯಲ್ಲಿ ಮೇಲುಮಟ್ಟದ್ದು ಎಂಬ ಮೆಚ್ಚುಗೆಗೆ ‘ಕ್ಲಾಸಿಕ್’. ಒಂದು ಜೋಡಿಯಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹಚ್ಚುವ ಮೊದಲು ನಿಘಂಟು ತೆರೆಯುವುದು ಒಳ್ಳೆಯದು.

ಕೊನೆಗೆ ಉಳಿಯುವುದು ಪದದ ಮುಂದೆ ಹಾಕುವ ‘ಎ’, ‘ಆ್ಯನ್’ ವಿಚಾರ. ‘ಹಿಸ್ಟರಿ’ ಎನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ ಬೀಳುವುದರಿಂದ ಹಕಾರ ಗಟ್ಟಿಯಾಗಿ ಕೇಳುತ್ತದೆ. ‘ಹಿಸ್ಟಾರಿಕ್’ ಎನ್ನುವಾಗ ಒತ್ತು ಎರಡನೆಯದಕ್ಕೆ ಜಾರುವುದರಿಂದ, ಹಿಂದೆ ಅನೇಕ ಇಂಗ್ಲಿಷರು ಮೊದಲ ಹಕಾರವನ್ನು ನುಂಗಿಬಿಡುತ್ತಿದ್ದರು. ಪದ ಸ್ವರದಿಂದ ಆರಂಭವಾದಂತೆ ಕೇಳಿ ‘ಆ್ಯನ್ ಹಿಸ್ಟಾರಿಕ್’ ರೂಢಿಗೆ ಬಂದಿತು. ಇಂದಿಗೂ ಕೆಲವರು ಹಾಗೆ ಬರೆಯುತ್ತಾರೆ, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಹಕಾರವನ್ನು ಪೂರ್ತಿ ಉಚ್ಚರಿಸುವ ನಮಗೆ ‘ಎ ಹಿಸ್ಟಾರಿಕ್’ ಎಂಬುದೇ ಸಹಜ. ಇದನ್ನು ಕೇಳಿದ ಮಾಸ್ತರರು ಕರಡಿನ ಮೊದಲ ಸಾಲನ್ನು ಎರಡು ಸಲ ಗಟ್ಟಿಯಾಗಿ, ಒಮ್ಮೆ ಹಕಾರ ಬಿಟ್ಟು, ಒಮ್ಮೆ ಹಕಾರ ಹಿಡಿದು ಓದಿದರು. ಅಂಗಡಿಯ ಹುಡುಗ ತಿರುಗಿ ನೋಡಿದ. “ಹಾಂ, ಎ ಹಿಸ್ಟಾರಿಕ್ ಟೆಂಪಲ್. ಹಿಂಗ ಇರಲ್ರಿ, ಛಾಪಿಸ್ರಿ” ಎಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.